ಮೂರನೆಯ ಪುಸ್ತಕವನ್ನು ಕೇಳುವುದು

ಕೇಳುಗರು: ಸಿ. ಎಸ್. ಲೂಯಿಸ್‌ನ ಗ್ರಹಯಾನದ ಕಾದಂಬರಿ ತ್ರಿವಳಿ 1938ರಲ್ಲಿ ‘ಔಟ್ ಆಫ್ ದ ಸೈಲೆಂಟ್ ಪ್ಲಾನೆಟ್’ನಿಂದ ಆರಂಭವಾಯಿತು. 1943ರಲ್ಲಿ ‘ಪೆರೆಲಾಂಡ್ರ’ ಬಂತು. 1945ರ ‘ದಟ್ ಹಿಡಿಯಸ್ ಸ್ಟ್ರೆಂತ್’ನೊಂದಿಗೆ ತ್ರಿವಳಿ ಮುಗಿಯಿತು. ಮೊದಲನೆಯದು ಮಂಗಳದಲ್ಲಿ, ಎರಡನೆಯದು ಶುಕ್ರದಲ್ಲಿ ನಡೆದರೆ ಮೂರನೆಯದು ಭೂಮಿ ಬಿಟ್ಟು ಕದಲುವುದಿಲ್ಲ. ಇಂಗ್ಲೆಂಡಿನ ಎಜ್‌ಸ್ಟೋ ಎಂಬ ಕಲ್ಪಿತ ವಿಶ್ವವಿದ್ಯಾಲಯದ ಊರೇ ಅದರ ರಣರಂಗ. ಅಮೆರಿಕದ ಬ್ಲ್ಯಾಕ್‌ಸ್ಟೋನ್ ಆಡಿಯೋ ಸಂಸ್ಥೆ ಇದನ್ನು ಆಡಿಯೋ ಪುಸ್ತಕವಾಗಿ ತಂದಾಗ ಓದಿದವನು ಜೆಫ್ರಿ ಹೊವಾರ್ಡ್. ಅದು ರಾಲ್ಫ್ ಕೋಶಮ್ ಎಂಬ ನಟ ಕೆಲವು ಓದುಗಳಿಗೆ ಇಟ್ಟುಕೊಂಡಿದ್ದ ಹೆಸರು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಈತ ಲೂಯೀಸ್ ಪೆನ್ನಿ ಎಂಬಾಕೆಯ ಪತ್ತೇದಾರಿ ಕಾದಂಬರಿಗಳ ಓದಿನಿಂದ ಮನೆಮಾತಾಗಿ, 2014ರಲ್ಲಿ ತೀರಿಕೊಂಡ.

ಓದುಗರು: ದನಿ ಒಳ್ಳೆಯದಾದ ಮಾತ್ರಕ್ಕೆ ಪುಸ್ತಕದ ಭಾರ ಇಳಿಯುವುದಿಲ್ಲವಲ್ಲ. ಮೂರರಲ್ಲಿ ಜನ ಅರ್ಧಕ್ಕೇ ಮುಚ್ಚಿಡುವುದು ಇದನ್ನೇ. ಹೆಚ್ಚುಕಡಿಮೆ ಮೊದಲೆರಡೂ ಸೇರಿದಷ್ಟು ದಪ್ಪ. ಕಾಲೇಜಿನ ಜಮೀನು ಮಾರಾಟದ ಸಭೆಯಿಂದ ಶುರುವಾಗುವ ಕಥೆ ಕೊನೆಗೆ ಆರ್ಥರ್ ರಾಜನ ಕಾಲದ ಮಾಂತ್ರಿಕ ಮರ್ಲಿನ್, ಗ್ರಹದೇವತೆಗಳು, ಸಾಕುಕರಡಿ ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕುತ್ತದೆ. ಟೋಲ್ಕಿನ್‌ನಂಥ ಆಪ್ತ ಗೆಳೆಯನೇ ಲೇಖಕ ಚಾರ್ಲ್ಸ್ ವಿಲಿಯಮ್ಸ್‌ನ ಪ್ರಭಾವದಿಂದ ತ್ರಿವಳಿಯ ಮುಕ್ತಾಯ ಕೆಟ್ಟಿತೆಂದು ಭಾವಿಸಿದ್ದ. ಆರ್ಥರ್‌ನ ಪುರಾಣಕ್ಕೆ ಲೂಯಿಸ್ ಆ ಹೊತ್ತಿನಲ್ಲಿ ಅಷ್ಟು ಒಲಿದದ್ದು ವಿಲಿಯಮ್ಸ್‌ನ ಸಹವಾಸದಿಂದಲೇ.

ಕೇಳುಗರು: ಚೀಲಕ್ಕೆ ಎಲ್ಲವನ್ನೂ ತುಂಬಿದ್ದು ನಿಜ. ಆದರೆ ಮೂರು ಪುಸ್ತಕಗಳನ್ನೂ ಹಿಡಿದಿಟ್ಟ ದಾರ ಒಂದಿದೆ, ಅದು ಮಾತು. ಕಥಾನಾಯಕ ರ‍್ಯಾನ್ಸಮ್ ಕೇಂಬ್ರಿಡ್ಜಿನ ಭಾಷಾಶಾಸ್ತ್ರಜ್ಞ. ಮಂಗಳದಲ್ಲಿ ಅವನ ಜೀವ ಉಳಿಯುವುದು ಅಲ್ಲಿನ ಜೀವಿಗಳ ನುಡಿಯನ್ನು ಕಲಿತದ್ದರಿಂದ. ಭೂಮಿಗೆ ಅಲ್ಲಿ ಇರುವ ಹೆಸರು ‘ಮೌನಗ್ರಹ’. ಭೂಮಿಯ ಅಧಿದೇವತೆ ದಂಗೆಯೆದ್ದ ಮೇಲೆ ಆಕಾಶದ ಸಂಭಾಷಣೆಯಿಂದ ಈ ಗ್ರಹ ಹೊರಗುಳಿದಿದೆ ಎಂಬುದು ಲೂಯಿಸ್‌ನ ಕಲ್ಪನೆ. ಶುಕ್ರದ ಕಥೆಯಲ್ಲಿ ಇನ್ನೂ ಪಾಪವನ್ನರಿಯದ ಹೆಣ್ಣನ್ನು ಸೈತಾನ ದಿನಗಟ್ಟಲೆ ವಾದದಿಂದ ಮಣಿಸಲು ನೋಡುತ್ತಾನೆ. ಈಡನ್ ತೋಟದ ಕಥೆ ಅಲ್ಲಿ ಚರ್ಚಾಕೂಟವಾಗುತ್ತದೆ. ಮೂರನೆಯದರ ಹೆಸರು ಬಂದದ್ದು ಹದಿನಾರನೆಯ ಶತಮಾನದ ಸ್ಕಾಟಿಷ್ ಕವಿ ಡೇವಿಡ್ ಲಿಂಡ್ಸೆ ಬಾಬೆಲ್ ಗೋಪುರದ ನೆರಳನ್ನು ಬಣ್ಣಿಸಿದ ಪದ್ಯದಿಂದ. ಮನುಷ್ಯರು ಆಕಾಶ ಮುಟ್ಟಲು ಹೊರಟಾಗ ದೇವರು ಅವರ ಭಾಷೆಯನ್ನು ಕಲಸಿಹಾಕಿದ ಬೈಬಲ್ ಕಥೆ ಅದು. ಮೌನದಿಂದ ಹೊರಟ ತ್ರಿವಳಿ ಮಾತಿನ ನಾಶದಲ್ಲಿ ಮುಗಿಯುತ್ತದೆ. ಅದಕ್ಕೇ ಮೂರರಲ್ಲಿ ಕಿವಿಗೆ ಹೆಚ್ಚು ಸಲ್ಲುವುದು ಇದೇ ಎನ್ನಬೇಕಾಗುತ್ತದೆ.

ಓದುಗರು: ಹಾಗಾದರೆ ಕಥೆಯ ಎಲುಬನ್ನು ಮೊದಲು ಹೇಳಿಬಿಡಿ. ಗೊತ್ತಿಲ್ಲದವರಿಗೆ ಮುಂದಿನ ವಾದ ದಕ್ಕುವುದಿಲ್ಲ.

ಕೇಳುಗರು: ಮಾರ್ಕ್ ಸ್ಟಡಕ್ ಎಂಬ ತರುಣ ಸಮಾಜಶಾಸ್ತ್ರಜ್ಞ ಬ್ರಾಕ್ಟನ್ ಕಾಲೇಜಿನಲ್ಲಿದ್ದಾನೆ. ಒಳಗಿನವರ ಕೂಟದಲ್ಲಿ ತಾನೂ ಒಬ್ಬನಾಗಬೇಕೆಂಬುದೇ ಅವನ ಬಾಳಿನ ಹಸಿವು. ಕಾಲೇಜಿಗೆ ಸೇರಿದ ಬ್ರಾಗ್ಡನ್ ಕಾಡನ್ನು ಒಂದು ಸರ್ಕಾರಿ ಸಂಸ್ಥೆ ಕೊಳ್ಳುತ್ತದೆ. ರಾಷ್ಟ್ರೀಯ ಸಂಯೋಜಿತ ಪ್ರಯೋಗಗಳ ಸಂಸ್ಥೆ ಎಂಬುದು ಅದರ ಹೆಸರು. ಮೊದಲಕ್ಷರಗಳನ್ನು ಕೂಡಿಸಿದರೆ ‘ನೈಸ್’. ಲೂಯಿಸ್‌ನ ಕುಹಕ ಅಲ್ಲಿಂದಲೇ ಶುರು. ಬೆಲ್‌ಬರಿ ಎಂಬಲ್ಲಿರುವ ಅದರ ಕೇಂದ್ರಕ್ಕೆ ಮಾರ್ಕ್ ಸೇರಿಕೊಳ್ಳುತ್ತಾನೆ. ಅವನ ಹೆಂಡತಿ ಜೇನ್‌ಗೆ ದೂರದಲ್ಲಿ ನಡೆಯುವುದು ಕನಸಿನಲ್ಲಿ ಕಾಣುತ್ತದೆ. ಅವಳು ಸೇಂಟ್ ಆನ್ಸ್‌ನ ಗುಡ್ಡದ ಮನೆಯಲ್ಲಿ ರ‍್ಯಾನ್ಸಮ್ ಕಟ್ಟಿಕೊಂಡಿರುವ ಪುಟ್ಟ ಬಳಗದತ್ತ ಸರಿಯುತ್ತಾಳೆ. ಕಾಡಿನಡಿ ನಿದ್ದೆಯಲ್ಲಿರುವ ಮರ್ಲಿನ್ ಯಾರಿಗೆ ಸಿಗುತ್ತಾನೆ ಎಂಬುದರ ಮೇಲೆ ಇಂಗ್ಲೆಂಡಿನ ಗತಿ ನಿಂತಿದೆ.

ಓದುಗರು: ಬೆಲ್‌ಬರಿಯ ಮೇಲಧಿಕಾರಿಗಳೂ ಮುಖ್ಯ. ಅವರಿಲ್ಲದೆ ಈ ಪುಸ್ತಕವಿಲ್ಲ.

ಕೇಳುಗರು: ಆಡಿಯೋ ಗೆಲ್ಲುವುದು ಅವರಿಂದಲೇ. ಉಪನಿರ್ದೇಶಕ ವಿದರ್‌ನ ಮಾತಿಗೆ ಕೊನೆ ಎಂಬುದೇ ಇಲ್ಲ. ಮಾರ್ಕ್ ಹೋಗಿ ‘ನನ್ನ ಹುದ್ದೆ ಯಾವುದು, ಸಂಬಳ ಎಷ್ಟು’ ಎಂದು ಕೇಳಿದರೆ, ಆತ್ಮೀಯವಾಗಿ, ಉಪವಾಕ್ಯಕ್ಕೆ ಉಪವಾಕ್ಯ ಹೆಣೆಯುತ್ತ, ಸಂಸ್ಥೆಯಲ್ಲಿ ಗಡಿಗೆರೆಗಳಿಗೆ ಅಂಟಿಕೊಳ್ಳಬಾರದೆಂದು ಬುದ್ಧಿ ಹೇಳುತ್ತಾನೆ. ಪ್ರಶ್ನೆಗೆ ಉತ್ತರ ಮಾತ್ರ ಇಲ್ಲ. ಹೊರಗೆ ಬಂದ ಮಾರ್ಕ್‌ಗೆ ತಾನು ಕೆಲಸದಲ್ಲಿದ್ದೇನೋ ಇಲ್ಲವೋ ಗೊತ್ತಾಗುವುದಿಲ್ಲ. ಕಡತ ಪರಿಶೀಲನೆಯಲ್ಲಿದೆ ಎಂಬ ಉತ್ತರ ಕೇಳಿಸಿಕೊಂಡು ಕಚೇರಿಯ ಮೆಟ್ಟಿಲಿಳಿದವರಿಗೆ ಈ ವಿದರ್ ಅಪರಿಚಿತನಲ್ಲ. ಅಚ್ಚಿನಲ್ಲಿ ಅವನ ವಾಕ್ಯ ಉದ್ದವಾದಾಗ ಕಣ್ಣು ಎರಡು ಸಾಲು ಹಾರಿ ಮುಂದೆ ಹೋಗುತ್ತದೆ. ಕಿವಿಗೆ ಆ ಸ್ವಾತಂತ್ರ್ಯವಿಲ್ಲ. ಮಾರ್ಕ್ ಕುರ್ಚಿಯಲ್ಲಿ ಸಿಕ್ಕಿಬಿದ್ದ ಹಾಗೆಯೇ ಕೇಳುವವರೂ ಸಿಕ್ಕಿಬೀಳುತ್ತಾರೆ, ವಾಕ್ಯ ಮುಗಿಯುವವರೆಗೂ ಅದಕ್ಕೊಂದು ಅರ್ಥವಿದ್ದೀತೆಂದು ಕಾಯುತ್ತಾರೆ.

ಓದುಗರು: ಇನ್ನೊಬ್ಬ ಫ್ರಾಸ್ಟ್. ಅವನದು ಇದರ ತದ್ವಿರುದ್ಧ.

ಕೇಳುಗರು: ಒಂದು ಪದವೂ ಹೆಚ್ಚಿಲ್ಲ, ಭಾವ ಮೊದಲೇ ಇಲ್ಲ. ಭಾವಗಳೆಲ್ಲ ಮಿದುಳಿನ ರಾಸಾಯನಿಕ ಕ್ರಿಯೆ ಎಂದು ನಂಬಿದವನು. ವಿದರ್ ಮಂಜು, ಇವನು ಹೆಸರಿಗೆ ತಕ್ಕ ಹಾಗೆ ಹಿಮ. ಒಂದೇ ದನಿ ಇಬ್ಬರನ್ನೂ ಬೇರ್ಪಡಿಸಬೇಕು. ಹೊವಾರ್ಡ್‌ನದು ಏರುದನಿಗೆ ಹೋಗದ, ಸಂಯಮದ ಓದು. ಪಾತ್ರಕ್ಕೊಂದು ವೇಷ ಕಟ್ಟುವ ಉಮೇದು ಅವನಿಗಿಲ್ಲ. ಪಾತ್ರಗಳನ್ನು ಕಂಠದ ಬಣ್ಣಕ್ಕಿಂತ ವೇಗವೇ ಬೇರೆ ಮಾಡುತ್ತದೆ, ಏಕೆಂದರೆ ಲೂಯಿಸ್ ಆ ವೇಗವನ್ನು ವಾಕ್ಯದೊಳಗೇ ಇಟ್ಟಿದ್ದಾನೆ. ಮಾರ್ಕ್ ಪತ್ರಿಕೆಗಳಿಗೆ ಬರೆಯುವ ಲೇಖನಗಳನ್ನೂ ಇಲ್ಲಿ ಸೇರಿಸಿಕೊಳ್ಳಿ. ಬೆಲ್‌ಬರಿಯವರೇ ಎಜ್‌ಸ್ಟೋದಲ್ಲಿ ಎಬ್ಬಿಸಲಿರುವ ದೊಂಬಿಯ ಬಗ್ಗೆ, ದೊಂಬಿ ನಡೆಯುವ ಮೊದಲೇ, ಅವನು ಎರಡು ಲೇಖನ ಸಿದ್ಧಮಾಡುತ್ತಾನೆ. ಒಂದು ಗಂಭೀರ ಪತ್ರಿಕೆಯ ಓದುಗರಿಗೆ, ಇನ್ನೊಂದು ಜನಪ್ರಿಯ ಪತ್ರಿಕೆಗೆ. ಎರಡೂ ಪೂರ್ತಿಯಾಗಿ ಕಾದಂಬರಿಯಲ್ಲಿವೆ. ಬೆನ್ನುಬೆನ್ನಿಗೆ ಕೇಳಿದಾಗ ಒಂದೇ ಸುಳ್ಳು ಎರಡು ಅಂಗಿ ತೊಟ್ಟದ್ದು ಗೊತ್ತಾಗುತ್ತದೆ.

ಓದುಗರು: ಬೆಲ್‌ಬರಿಯಲ್ಲಿ ಇನ್ನೊಂದು ದನಿಯೂ ಇದೆಯಲ್ಲ, ಯಂತ್ರದಿಂದ ಬರುವುದು.

ಕೇಳುಗರು: ಆಲ್ಕಸಾನ್‌ನ ತಲೆ. ಹೆಂಡತಿಯನ್ನು ಕೊಂದದ್ದಕ್ಕೆ ಗಿಲೊಟಿನ್‌ಗೆ ಸಿಕ್ಕಿದ ವಿಜ್ಞಾನಿಯ ತಲೆಯನ್ನು ನಳಿಕೆಗಳಿಂದ ಜೀವಂತ ಇಟ್ಟಿದ್ದಾರೆ. ಗಾಳಿ ಹಾಯಿಸಿದರೆ ಅದು ಮಾತಾಡುತ್ತದೆ. ವಿಜ್ಞಾನ ಸಾವನ್ನು ಗೆದ್ದಿತೆಂದು ಕೆಳಗಿನವರು ನಂಬಿದ್ದಾರೆ. ಆ ಬಾಯಿಂದ ಆಡುತ್ತಿರುವುದು ದುಷ್ಟ ಆತ್ಮಗಳು ಎಂಬ ಗುಟ್ಟು ವಿದರ್‌ಗೂ ಫ್ರಾಸ್ಟ್‌ಗೂ ಗೊತ್ತು. ದೇಹವಿಲ್ಲದ ದನಿಯೊಂದು ಯಂತ್ರದಿಂದ ಹೊರಡುವ ಈ ಭಾಗವನ್ನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುವಾಗ ತುಸು ಮುಜುಗರವಾಗುವುದು ಸಹಜ.

ಓದುಗರು: ಕಿವಿಗೆ ಕಷ್ಟವಾಗುವುದೂ ಇದೆ, ಅದನ್ನು ಮುಚ್ಚಬೇಡಿ. ಹದಿನೇಳು ಅಧ್ಯಾಯ, ಪ್ರತಿ ಅಧ್ಯಾಯದಲ್ಲೂ ಸಂಖ್ಯೆ ಹಾಕಿದ ತುಂಡುಗಳು. ಒಂದರಲ್ಲಿ ಮಾರ್ಕ್, ಮುಂದಿನದರಲ್ಲಿ ಜೇನ್. ಅಚ್ಚಿನಲ್ಲಿ ನಡುವಿನ ಬಿಳಿ ಜಾಗ ಸ್ಥಳ ಬದಲಾದದ್ದನ್ನು ಹೇಳುತ್ತದೆ. ದನಿಯಲ್ಲಿ ಉಳಿಯುವುದು ಚಿಕ್ಕದೊಂದು ಬಿಡುವು ಮಾತ್ರ. ಅದಲ್ಲದೆ ಮೊದಲ ಅಧ್ಯಾಯದಲ್ಲೇ ‘ನಾನು’ ಎಂಬವನೊಬ್ಬ ಬರುತ್ತಾನೆ, ಬ್ರಾಗ್ಡನ್ ಕಾಡಿಗೆ ಒಮ್ಮೆ ಹೋಗಿದ್ದೆನೆಂದು ವರ್ಣಿಸುತ್ತಾನೆ, ಆಮೇಲೆ ಎಲ್ಲೋ ಕರಗಿಹೋಗುತ್ತಾನೆ. ಮೊದಲೆರಡು ಪುಸ್ತಕ ಓದಿದವರಿಗೆ ಅದು ರ‍್ಯಾನ್ಸಮ್‌ನ ಗೆಳೆಯ ಲೂಯಿಸ್ ಎಂದು ತಿಳಿದೀತು. ನೇರ ಇದನ್ನೇ ಹಾಕಿಕೊಂಡವರು ಆ ‘ನಾನು’ವನ್ನು ಓದುವ ನಟನೆಂದೇ ಭಾವಿಸಿಬಿಟ್ಟಾರು.

ಕೇಳುಗರು: ಒಪ್ಪಬೇಕಾದದ್ದೇ. ಆದರೆ ಲೂಯಿಸ್ ಬರೆದ ವಾತಾವರಣವನ್ನೂ ನೋಡಬೇಕು. 1941ರಿಂದ 1944ರವರೆಗೆ, ಯುದ್ಧದ ನಡುವೆ, ಬಿಬಿಸಿ ರೇಡಿಯೋದಲ್ಲಿ ಕ್ರೈಸ್ತಧರ್ಮದ ಬಗ್ಗೆ ಅವನು ಮಾತಾಡುತ್ತಿದ್ದ. ಆ ಭಾಷಣಗಳೇ ಮುಂದೆ ‘ಮಿಯರ್ ಕ್ರಿಶ್ಚಿಯಾನಿಟಿ’ ಆದವು. ಈ ಕಾದಂಬರಿಯ ಮುನ್ನುಡಿಯ ಕೆಳಗಿರುವ ದಿನಾಂಕ 1943ರ ಕ್ರಿಸ್ಮಸ್‌ನ ಹಿಂದಿನ ದಿನ. ಒಂದು ಕೈಯಲ್ಲಿ ಕಿವಿಗೆ ಬರೆಯುತ್ತಲೇ ಇನ್ನೊಂದರಲ್ಲಿ ಕಾದಂಬರಿ ಬರೆದವನು. ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿನ ಅವನ ಕೋಣೆಯಲ್ಲಿ ಗುರುವಾರ ರಾತ್ರಿ ಸೇರುತ್ತಿದ್ದ ಇಂಕ್ಲಿಂಗ್ಸ್ ಬಳಗದಲ್ಲಿ ಹಸ್ತಪ್ರತಿಯನ್ನು ಕೈಗೆ ಕೊಡುವ ವಾಡಿಕೆಯಿರಲಿಲ್ಲ, ಗಟ್ಟಿಯಾಗಿ ಓದಬೇಕಿತ್ತು. ಟೋಲ್ಕಿನ್‌ನ ಕಥೆಗಳನ್ನು ಲೂಯಿಸ್ ಕೇಳಿದ್ದು ಹಾಗೆ. ಅದಕ್ಕೆ ಸಾಕ್ಷಿ ಈ ಕಾದಂಬರಿಯೊಳಗೇ ಇದೆ. ಟೋಲ್ಕಿನ್‌ನ ಮುಳುಗಿದ ದ್ವೀಪ ‘ನ್ಯೂಮೆನೋರ್’ ಇಲ್ಲಿ ‘ನ್ಯೂಮಿನೋರ್’ ಆಗಿ ಅಚ್ಚಾಗಿದೆ. ಕೇಳಿದ್ದನ್ನೇ ಬರೆದುಕೊಂಡದ್ದರಿಂದ ಆದ ವ್ಯತ್ಯಾಸವೆಂದು ಟೋಲ್ಕಿನ್ ತನ್ನ ಪತ್ರಗಳಲ್ಲಿ ವಿವರಿಸಿದ್ದಾನೆ. ಕಾದಂಬರಿ ಆರಂಭವಾಗುವುದೂ ಕೇಳಿದ ಮಾತುಗಳಿಂದಲೇ: ಮದುವೆಯಾಗಿ ಆರು ತಿಂಗಳಾದ ಜೇನ್, ಚರ್ಚಿನಲ್ಲಿ ಪಾದ್ರಿ ಓದಿದ ವಿವಾಹವಿಧಿಯ ಮಾತುಗಳನ್ನು ಒಂಟಿಯಾಗಿ ಕುಳಿತು ನೆನೆಯುತ್ತಾಳೆ.

ಓದುಗರು: ಸಂಕ್ಷೇಪದ ವಿಷಯ? ಕ್ಯಾಸೆಟ್ಟಿನ ಕಾಲದಲ್ಲಿ ಇಷ್ಟು ದೊಡ್ಡ ಪುಸ್ತಕವೆಂದರೆ ಕತ್ತರಿಯೇ ಗತಿಯಾಗಿತ್ತು.

ಕೇಳುಗರು: ಕತ್ತರಿ ಹಾಕಿದವರಲ್ಲಿ ಮೊದಲಿಗ ಲೇಖಕನೇ. ಅಮೆರಿಕದ ಏವನ್ ಪ್ರಕಾಶನ ಇದನ್ನು ‘ದ ಟಾರ್ಚರ್ಡ್ ಪ್ಲಾನೆಟ್’ ಎಂಬ ಹೆಸರಲ್ಲಿ ಚಿಕ್ಕದಾಗಿ ತಂದಿತು. 1955ರಲ್ಲಿ ಇಂಗ್ಲೆಂಡಿನ ಪ್ಯಾನ್ ಕೂಡ ಲೂಯಿಸ್ ಸಂಕ್ಷೇಪಿಸಿದ ಪಾಠವನ್ನೇ ಅಗ್ಗದ ಆವೃತ್ತಿಯಾಗಿ ಪ್ರಕಟಿಸಿತು. ತನಗೆ ಮಾತ್ರ ಮೂಲದ ನಿಧಾನದ ನಡೆಯೇ ಇಷ್ಟವೆಂದು ಅದರ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ. ಕತ್ತರಿಸಿದಾಗ ಮೊದಲು ಹೋಗುವುದು ಸಭೆಗಳು, ಊಟದ ಮೇಜಿನ ಹರಟೆ, ವಿದರ್‌ನ ಸುತ್ತುಮಾತು. ಕಥೆಗೆ ಅವು ಬೇಡ, ಪುಸ್ತಕಕ್ಕೆ ಬೇಕು. ಪೂರ್ಣಪಾಠದ ಧ್ವನಿಮುದ್ರಣ ಲೂಯಿಸ್ ಬಯಸಿದ ನಡೆಯನ್ನು ಉಳಿಸುತ್ತದೆ. ಧ್ವನಿಪುಸ್ತಕದ ಮೂಲವೂ ಪೂರ್ಣಪಾಠವೇ ಎನ್ನುವುದನ್ನು ಮರೆಯಬಾರದು. 1935ರಲ್ಲಿ ಬ್ರಿಟನ್ನಿನಲ್ಲಿ ಅಂಧರಿಗಾಗಿ ಮಾತನಾಡುವ ಪುಸ್ತಕಗಳು ಗ್ರಾಮಫೋನ್ ತಟ್ಟೆಗಳಲ್ಲಿ ಬಂದಾಗ ಅಗಾಥಾ ಕ್ರಿಸ್ಟಿ, ಕಾನ್ರಾಡ್‌ರ ಕೃತಿಗಳು ಮೊದಲ ಸಾಲಿನಲ್ಲಿದ್ದವು. ದೃಷ್ಟಿ ಇಲ್ಲದವರಿಗೆ ಅರ್ಧ ಪುಸ್ತಕ ಕೊಟ್ಟರೆ ಸಾಕೆಂದು ಯಾರಿಗೂ ಅನ್ನಿಸಲಿಲ್ಲ. ಈ ಪೂರ್ಣಪಾಠವನ್ನು ತಂದ ಬ್ಲ್ಯಾಕ್‌ಸ್ಟೋನ್ ಕೂಡ 1987ರಲ್ಲಿ ಆರಂಭವಾದದ್ದು ಒರೆಗಾನಿನ ಆಶ್‌ಲ್ಯಾಂಡ್‌ನಲ್ಲಿ, ಕ್ಯಾಸೆಟ್ಟಿನ ಯುಗದಲ್ಲೇ.

ಓದುಗರು: ಸರಿ, ಮರ್ಲಿನ್ ಎದ್ದ ಮೇಲಿನ ಭಾಗಕ್ಕೆ ಬನ್ನಿ. ಅವನಿಗೆ ಆಧುನಿಕ ಇಂಗ್ಲಿಷ್ ಬಾರದು. ರ‍್ಯಾನ್ಸಮ್‌ನೊಂದಿಗೆ ಲ್ಯಾಟಿನ್‌ನಲ್ಲಿ ಮಾತಾಡುತ್ತಾನೆ. ನಮ್ಮ ಗಮಕ ವಾಚನದಲ್ಲಿ ಗಮಕಿಯ ಪಕ್ಕದಲ್ಲಿ ವ್ಯಾಖ್ಯಾನಕಾರ ಕುಳಿತಿರುತ್ತಾನೆ, ತೊಡಕಿನ ಪದ್ಯ ಬಂದರೆ ನಿಲ್ಲಿಸಿ ಬಿಡಿಸಿ ಹೇಳುತ್ತಾನೆ. ಆಡಿಯೋ ಪುಸ್ತಕದಲ್ಲಿ ಪಕ್ಕದ ಆ ಆಸನ ಖಾಲಿ. ನ್ಯೂಮಿನೋರ್ ಎಂದರೇನು, ಪೆಂಡ್ರಾಗನ್ ಯಾರು, ಗಾಯಗೊಂಡ ಮೀನುಗಾರ ರಾಜನಿಗೂ ರ‍್ಯಾನ್ಸಮ್‌ನ ವಾಸಿಯಾಗದ ಹಿಮ್ಮಡಿಗೂ ಏನು ನಂಟು, ಯಾರು ಹೇಳಬೇಕು?

ಕೇಳುಗರು: ಲ್ಯಾಟಿನ್ ಸಂಭಾಷಣೆಯ ಬಹುಪಾಲನ್ನು ಲೂಯಿಸ್ ಇಂಗ್ಲಿಷಿನಲ್ಲೇ ಕೊಟ್ಟಿರುವುದರಿಂದ ಅಷ್ಟು ತೊಂದರೆಯಿಲ್ಲ. ಉಲ್ಲೇಖಗಳ ಕಾಡು ಮಾತ್ರ ನೀವು ಹೇಳಿದಂತೆಯೇ. ಗ್ರಹದೇವತೆಗಳು ಸೇಂಟ್ ಆನ್ಸ್‌ನ ಮನೆಗೆ ಇಳಿಯುವ ಹದಿನೈದನೆಯ ಅಧ್ಯಾಯ ಕಿವಿಗೆ ಎರಡು ಬಗೆಯಲ್ಲಿ ಬೀಳುತ್ತದೆ. ಬುಧ ಇಳಿದಾಗ ಕೆಳಗಿನ ಅಡುಗೆಮನೆಯಲ್ಲಿ ಕೂತವರ ನಾಲಗೆ ಸಡಿಲಗೊಂಡು ಚಮತ್ಕಾರದ ಮಾತು ಚಿಮ್ಮುತ್ತದೆ. ಆಮೇಲೆ ಶುಕ್ರ, ಮಂಗಳ, ಶನಿ, ಕೊನೆಗೆ ಗುರು. ಒಬ್ಬೊಬ್ಬರು ಬಂದ ಹಾಗೆ ಗದ್ಯದ ಲಯವೇ ಬದಲಾಗುತ್ತದೆ. ಅರ್ಥ ಪೂರ್ತಿ ಸಿಗದಿದ್ದರೂ ಈ ಲಯ ಕಿವಿಗೆ ಸಿಗುತ್ತದೆ. ಮಧ್ಯಯುಗದ ಗ್ರಹಕಲ್ಪನೆಯ ಮೇಲೆ ಜೀವಮಾನವಿಡೀ ಓದಿದ ಪ್ರಾಧ್ಯಾಪಕನ ಕೈ ಇಲ್ಲಿ ಎದ್ದು ಕಾಣುತ್ತದೆ.

ಓದುಗರು: ಅದೇ ಹೊತ್ತಿಗೆ ಬೆಲ್‌ಬರಿಯಲ್ಲಿ ತಮಾಷೆ.

ಕೇಳುಗರು: ಮರ್ಲಿನ್ ಸಿಕ್ಕನೆಂದುಕೊಂಡು ಅವರು ಹಿಡಿದುತಂದದ್ದು ಒಬ್ಬ ಅಲೆಮಾರಿಯನ್ನು. ಅವನು ಬಾಯಿ ಬಿಡುವುದಿಲ್ಲ, ತಿನ್ನಲು ಕೊಟ್ಟರೆ ತಿನ್ನುತ್ತಾನೆ. ಹಳೆಯ ಭಾಷೆಯವನಿರಬೇಕೆಂದು ವಿದರ್, ಫ್ರಾಸ್ಟ್ ಇಬ್ಬರೂ ಅವನ ಮುಂದೆ ಕುಳಿತು ಲ್ಯಾಟಿನ್ ಪ್ರಯೋಗಿಸುತ್ತಾರೆ. ಕೊನೆಗೆ ದುಭಾಷಿ ಬೇಕೆಂದು ಪ್ರಕಟಣೆ ಕೊಡುತ್ತಾರೆ. ಬಾಸ್ಕ್ ಪಾದ್ರಿಯ ವೇಷದಲ್ಲಿ ದುಭಾಷಿಯಾಗಿ ಬರುವವನು ನಿಜವಾದ ಮರ್ಲಿನ್! ಮುಂದಿನದು ಔತಣಕೂಟ. ಸಂಸ್ಥೆಯ ನಾಮಮಾತ್ರದ ನಿರ್ದೇಶಕ ಜೂಲ್ಸ್ ಭಾಷಣಕ್ಕೆ ನಿಲ್ಲುತ್ತಾನೆ. ಒಂದು ಪದ ತಪ್ಪಿದಂತೆ ಕೇಳುತ್ತದೆ, ಮತ್ತೊಂದು, ಮುಂದೆ ವಾಕ್ಯ ಪೂರ್ತಿ ಅಸಂಬದ್ಧ. ಸಭಿಕರು ನಗಲೂ ಅಂಜುತ್ತಾರೆ. ಪರಿಸ್ಥಿತಿ ಹಿಡಿತಕ್ಕೆ ತರಲು ಎದ್ದ ವಿದರ್‌ನ ಬಾಯಿಂದಲೂ ಹಾಗೆಯೇ. ಅವನು ಬರೆದುಕೊಟ್ಟ ಚೀಟಿಯೂ ಅರ್ಥವಾಗುವುದಿಲ್ಲ. ದೇವರ ವಾಕ್ಯವನ್ನು ತಿರಸ್ಕರಿಸಿದವರಿಂದ ಮನುಷ್ಯರ ವಾಕ್ಯವೂ ಹೋಗಲಿ ಎಂಬರ್ಥದ ಲ್ಯಾಟಿನ್ ಶಾಪ ಮರ್ಲಿನ್‌ನದು. ಪ್ರಯೋಗಕ್ಕೆಂದು ಗೂಡಿನಲ್ಲಿಟ್ಟಿದ್ದ ಹುಲಿ, ಆನೆ, ಹಾವು ಒಳನುಗ್ಗುತ್ತವೆ.

ಓದುಗರು: ಅಚ್ಚಿನಲ್ಲಿ ಆ ಅಸಂಬದ್ಧ ಸಾಲುಗಳು ಪದಬಂಧದಂತೆ ಕಾಣುತ್ತವೆ. ಮುದ್ರಣದೋಷವೋ ಎಂದು ಒಂದು ಗಳಿಗೆ ಅನುಮಾನವೂ ಬರುತ್ತದೆ.

ಕೇಳುಗರು: ದನಿಯಲ್ಲಿ ಆ ಅನುಮಾನಕ್ಕೆ ಎಡೆಯಿಲ್ಲ. ಭಾಷಣದ ಏರಿಳಿತ, ಗಾಂಭೀರ್ಯ, ಚಪ್ಪಾಳೆಗೆಂದು ಬಿಡುವ ಜಾಗ ಎಲ್ಲವೂ ಯಥಾಪ್ರಕಾರ ಇದ್ದು, ಒಳಗೆ ಅರ್ಥ ಮಾತ್ರ ಇರುವುದಿಲ್ಲ. ಹೆಚ್ಚೇನೂ ಅಭಿನಯಿಸದೆ ಓದಿದಷ್ಟೂ ಭಯ ಹೆಚ್ಚು. ಆಗ ಹೊಳೆಯುವುದೇನೆಂದರೆ, ವಿದರ್ ಮೊದಲಿನಿಂದಲೂ ಆಡುತ್ತಿದ್ದದ್ದು ಇದನ್ನೇ. ಮರ್ಲಿನ್‌ನ ಶಾಪ ಹೊಸದೇನನ್ನೂ ಮಾಡಲಿಲ್ಲ. ಅವರ ಭಾಷೆ ಈಗಾಗಲೇ ತಲುಪಿದ್ದ ಗತಿಯನ್ನು ಬಯಲಿಗೆಳೆಯಿತು. ಹತ್ತಾರು ಗಂಟೆ ಆ ದನಿಯನ್ನು ಸಹಿಸಿಕೊಂಡ ಕಿವಿಗೆ ಇದು ತಾನಾಗಿ ಅರಿವಾಗುತ್ತದೆ.

ಓದುಗರು: ಕ್ರೈಸ್ತ ಕಲ್ಪನಾಕಥೆ ಎಂದು ಇದನ್ನು ಕರೆಯುತ್ತಾರೆ. ನಂಬಿಕೆಯಿಲ್ಲದವರು ಯಾಕೆ ಕೇಳಬೇಕು?

ಕೇಳುಗರು: ಧರ್ಮಬೋಧನೆಯ ಪುಟಗಳು ಇವೆ, ಅವು ಎಲ್ಲರಿಗೂ ರುಚಿಸವು. ಆದರೆ ಪುಸ್ತಕದ ನಿಜವಾದ ಪರೀಕ್ಷೆ ನಂಬಿಕೆ ಇಲ್ಲದವನಿಗೇ ಎದುರಾಗುತ್ತದೆ. ಮಾರ್ಕ್‌ನ ಎಲ್ಲ ಸಹಜ ಭಾವಗಳನ್ನು ಕಿತ್ತುಹಾಕಲು ಫ್ರಾಸ್ಟ್ ಅವನನ್ನು ಒಂದು ಕೋಣೆಯಲ್ಲಿಟ್ಟು ತರಬೇತಿ ಕೊಡುತ್ತಾನೆ. ನೆಲದ ಮೇಲೆ ಶಿಲುಬೆಗೇರಿದ ಯೇಸುವಿನ ಮೂರ್ತಿಯನ್ನಿಟ್ಟು ತುಳಿ ಎನ್ನುತ್ತಾನೆ. ಮಾರ್ಕ್‌ಗೆ ಕ್ರೈಸ್ತಧರ್ಮದಲ್ಲಿ ನಂಬಿಕೆಯಿಲ್ಲ, ತುಳಿಯಲು ಅಡ್ಡಿಯೂ ಇರಬಾರದು. ಆದರೂ ಆಗುವುದಿಲ್ಲ. ಆ ಮರದ ಮೂರ್ತಿ ತನ್ನಂತೆಯೇ ಅಸಹಾಯಕವಾಗಿ ಸೋತವನದು ಎಂಬಷ್ಟೇ ಕಾಣುತ್ತದೆ, ಅಷ್ಟರಿಂದಲೇ ನಿರಾಕರಿಸುತ್ತಾನೆ. ಸೇಂಟ್ ಆನ್ಸ್‌ನ ಬಳಗದಲ್ಲೂ ಮ್ಯಾಕ್‌ಫೀ ಎಂಬ ಹಟಮಾರಿ ಸಂಶಯವಾದಿ ಕೊನೆಯವರೆಗೂ ಸಂಶಯವಾದಿಯಾಗಿಯೇ ಉಳಿಯುತ್ತಾನೆ. ಲೂಯಿಸ್‌ಗೆ ಹದಿಹರೆಯದಲ್ಲಿ ತರ್ಕ ಕಲಿಸಿದ ನಾಸ್ತಿಕ ಗುರು ಕರ್ಕ್‌ಪ್ಯಾಟ್ರಿಕ್‌ನ ನೆರಳು ಆ ಪಾತ್ರದ ಮೇಲಿದೆ.

ಓದುಗರು: ಆಕ್ಷೇಪಗಳು ಬಂದದ್ದು ಹೊರಗಿನಿಂದಲೂ. ಜಾರ್ಜ್ ಆರ್ವೆಲ್ 1945ರ ಆಗಸ್ಟ್ 16ರ ‘ಮ್ಯಾಂಚೆಸ್ಟರ್ ಈವ್ನಿಂಗ್ ನ್ಯೂಸ್’ನಲ್ಲಿ ಬರೆದ ವಿಮರ್ಶೆಯಲ್ಲಿ ವಿಜ್ಞಾನಿಗಳ ಸರ್ವಾಧಿಕಾರದ ಚಿತ್ರ ಅಸಂಭವವಲ್ಲವೆಂದು ಒಪ್ಪಿದ; ಹಿರೋಷಿಮಾದ ಮೇಲೆ ಬಾಂಬು ಬಿದ್ದು ಹತ್ತು ದಿನವಾಗಿತ್ತು. ಮಂತ್ರತಂತ್ರ ಇಲ್ಲದಿದ್ದರೆ ಪುಸ್ತಕ ಇನ್ನೂ ಗಟ್ಟಿಯಾಗುತ್ತಿತ್ತು ಎಂಬುದು ಅವನ ದೂರು. ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ 1946ರಲ್ಲಿ ಇನ್ನೂ ಕಟುವಾಗಿ, ಲೂಯಿಸ್ ವಿಜ್ಞಾನಿಗಳ ಮೇಲೆ ಅಪವಾದ ಹೊರಿಸುತ್ತಿದ್ದಾನೆ ಎಂದ.

ಕೇಳುಗರು: ಹಾಲ್ಡೇನ್‌ಗೆ ಲೂಯಿಸ್ ಉತ್ತರ ಬರೆದ, ಅದು ಪ್ರಕಟವಾದದ್ದು ಲೂಯಿಸ್‌ನ ಸಾವಿನ ನಂತರ. ಬೆಲ್‌ಬರಿಯಲ್ಲಿ ನಿಜವಾದ ವಿಜ್ಞಾನಿ ಎಂದಿದ್ದರೆ ಹಿಂಜೆಸ್ಟ್ ಒಬ್ಬ. ಅವನು ಆ ಸಂಸ್ಥೆಯನ್ನು ಬಿಟ್ಟು ಹೊರಟಾಗ ಕೊಲೆಯಾಗುತ್ತಾನೆ. ಲೂಯಿಸ್‌ನ ಸಿಟ್ಟು ವಿಜ್ಞಾನದ ಹೆಸರು ಹೇಳಿ ಅಧಿಕಾರ ಹಿಡಿಯುವವರ ಮೇಲೆ. 1943ರಲ್ಲಿ ಪ್ರಕಟವಾದ ಅವನ ಉಪನ್ಯಾಸಗಳು ‘ದ ಅಬಾಲಿಷನ್ ಆಫ್ ಮ್ಯಾನ್’ ಇದೇ ವಾದವನ್ನು ಕಥೆಯಿಲ್ಲದೆ ಮಂಡಿಸುತ್ತವೆ.

ಓದುಗರು: ಹೆಣ್ಣಿನ ವಿಷಯದಲ್ಲಿ ಮಾತ್ರ ಯಾವ ಉತ್ತರವೂ ಸಾಲದು. ಜೇನ್ ಕವಿ ಡನ್ ಮೇಲೆ ಪ್ರಬಂಧ ಬರೆಯುತ್ತಿರುವ ವಿದ್ಯಾವಂತೆ. ಅವಳು ಕಲಿಯಬೇಕಾದ ಪಾಠ ವಿಧೇಯತೆ ಎಂದು ಪುಸ್ತಕ ತೀರ್ಮಾನಿಸಿಬಿಡುತ್ತದೆ. ಪೊಲೀಸ್ ಮುಖ್ಯಸ್ಥೆ ಹಾರ್ಡ್‌ಕ್ಯಾಸಲ್‌ಳ ಕ್ರೌರ್ಯವನ್ನು ಅವಳ ಗಂಡುಬೀರಿತನದೊಂದಿಗೆ ಗಂಟುಹಾಕಿದ್ದು ಇನ್ನೂ ಅಸಹ್ಯ.

ಕೇಳುಗರು: ಕೇಳುವಾಗ ಅದು ಇನ್ನಷ್ಟು ಚುಚ್ಚುತ್ತದೆ. ಅಚ್ಚಿನಲ್ಲಿ ನಿರೂಪಕನ ತೀರ್ಪು ಒಂದು ಸಾಲಾಗಿ ಸರಿದುಹೋಗಬಹುದು. ಪಕ್ವವಾದ ಗಂಡುದನಿಯೊಂದು ಶಾಂತವಾಗಿ ಅದನ್ನೇ ಉಚ್ಚರಿಸಿದಾಗ ಉಪದೇಶವಾಗುತ್ತದೆ. ಓದುವ ನಟನಿಗೆ ಇದನ್ನು ತಪ್ಪಿಸುವ ಉಪಾಯವಿಲ್ಲ.

ಓದುಗರು: ಹಾಗಾದರೆ ಕ್ರಮ ಯಾವುದು? ಮೂರನೆಯದರಿಂದಲೇ ಆರಂಭಿಸಬಹುದೆ?

ಕೇಳುಗರು: ಇದನ್ನು ಸ್ವತಂತ್ರವಾಗಿ ಓದಬಹುದೆಂದು ಲೂಯಿಸ್ ಮುನ್ನುಡಿಯಲ್ಲೇ ಹೇಳಿದ್ದಾನೆ. ಆದರೂ ‘ನಾನು’ ಯಾರು, ರ‍್ಯಾನ್ಸಮ್‌ನ ಹಿಮ್ಮಡಿಗೆ ಕಚ್ಚಿದವರಾರು ಎಂದು ತಿಳಿಯಲು ‘ಪೆರೆಲಾಂಡ್ರ’ವಾದರೂ ಮೊದಲು ಆಗಿರಬೇಕು.

ಓದುಗರು: ಹದಿನೈದನೆಯ ಅಧ್ಯಾಯಕ್ಕೆ ಅಚ್ಚಿನ ಪ್ರತಿಯೊಂದು ಕೈಯಳತೆಯಲ್ಲಿರಲಿ.

ಕೇಳುಗರು: ಇರಲಿ. ಹದಿನಾರಕ್ಕೆ ಬೇಕಾಗುವುದಿಲ್ಲ.